ಪುರಾತನ ಬೆಳಕು

ಬಳ್ಳಾರಿ ಜಿಲ್ಲೆಯ ಮೋಕದ ಬಳಿ, ಹಗರಿ ನದಿಯ ದಂಡೆಯಲ್ಲಿ, ಕಾರ್ತಿಕ ಮಾಸದ ಕತ್ತಲಿರುಳಿನಲ್ಲಿ ಉತ್ತರದ ಕಡೆಗೆ ತಲೆಯೆತ್ತಿ ನೋಡಿದರೆ ಮಸುಕಾದೊಂದು ಬೆಳಕಿನ ಕಲೆ ಬರಿಗಣ್ಣಿಗೇ ಗೋಚರಿಸುತ್ತದೆ. ಅದು ದೇವಯಾನಿ ಗೆಲಾಕ್ಸಿ. ಕೋಟಿ ಕೋಟಿ ನಕ್ಷತ್ರಗಳ ಮಹಾಸಮೂಹ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು 25 ಲಕ್ಷ ವರ್ಷಗಳು ಬೇಕು. ಆದುದರಿಂದ ನಾವು ಕಾಣುವುದು ಅದರ ಇಂದಿನ ರೂಪವನ್ನಲ್ಲ, 25 ಲಕ್ಷ ವರ್ಷಗಳ ಹಿಂದಿನ ರೂಪವನ್ನು. ಆಕಾಶದಲ್ಲಿ ದೂರವನ್ನು ನೋಡುವುದೆಂದರೆ ಗತಕಾಲವನ್ನು ನೋಡುವುದೇ ಆಗಿದೆ.

ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷಗಳು. ಅದರ ಬಾಲ್ಯದಲ್ಲಿ ನಕ್ಷತ್ರಗಳಿರಲಿಲ್ಲ. ಜಲಜನಕ ಮತ್ತು ಹೀಲಿಯಂ ಅನಿಲಗಳು ಕತ್ತಲೆಯಲ್ಲಿ ಹರಡಿಕೊಂಡಿದ್ದವು. ಮುಂದೆ ಜನಿಸಿದ ಮೊದಲ ಗೆಲಾಕ್ಸಿಗಳು ಸೂಸಿದ ಪ್ರಬಲವಾದ ನೇರಳಾತೀತ ಕಿರಣಗಳು ಜಲಜನಕದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸಿ, ಆ ಮಬ್ಬನ್ನು ತಿಳಿಗೊಳಿಸಿದುವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆದರೆ ಗೆಲಾಕ್ಸಿಯೊಳಗಿನ ಅನಿಲವೇ ಇಂಥ ಕಿರಣಗಳನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಹಾಗಾದರೆ ಅವು ಹೊರಗೆ ಬಂದುದು ಹೇಗೆ?

ಈ ಪ್ರಶ್ನೆಯ ಉತ್ತರವನ್ನು ನೆಲದ ಮೇಲೆ ನಿಂತು ಹುಡುಕುವುದು ಕಷ್ಟ. ನಮ್ಮನ್ನು ಕಾಪಾಡುವ ವಾಯುಮಂಡಲವೇ ನೇರಳಾತೀತ ಕಿರಣಗಳನ್ನು ತಡೆದುಬಿಡುತ್ತದೆ. 2015ರ ಸೆಪ್ಟೆಂಬರ್ 28ರಂದು ಭಾರತವು ಶ್ರೀಹರಿಕೋಟದಿಂದ ‘ಆಸ್ಟ್ರೋಸ್ಯಾಟ್’ ಉಪಗ್ರಹವನ್ನು ಸುಮಾರು 650 ಕಿಲೋಮೀಟರ್ ಎತ್ತರದ ಕಕ್ಷೆಗೆ ಏರಿಸಿತು. ಅದರಲ್ಲಿದ್ದ ನೇರಳಾತೀತ ದೂರದರ್ಶಕವು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾಗಿತ್ತು. ಅದರ ಅವಳಿ ಕನ್ನಡಿಗಳ ವ್ಯಾಸ ಸುಮಾರು 38 ಸೆಂಟಿಮೀಟರ್; ಒಂದು ಮೊಳಕ್ಕಿಂತಲೂ ಕಡಿಮೆ.

2016ರ ಅಕ್ಟೋಬರಿನಲ್ಲಿ ಈ ಪುಟ್ಟ ದೂರದರ್ಶಕವು ಆಕಾಶದ ಒಂದು ಸಣ್ಣ ತುಣುಕನ್ನು ಒಟ್ಟು 28 ಗಂಟೆಗಳಿಗೂ ಹೆಚ್ಚು ಕಾಲ ದಿಟ್ಟಿಸಿತು. ಪುಣೆಯ ವಿಜ್ಞಾನಿ ಕನಕ್ ಸಾಹಾ ಅವರ ತಂಡ ಆ ಚಿತ್ರಗಳನ್ನು ಸುಮಾರು ಎರಡು ವರ್ಷ ಪರಿಶೀಲಿಸಿ, 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. 930 ಕೋಟಿ ವರ್ಷಗಳ ಹಿಂದೆ ಗೆಲಾಕ್ಸಿಯೊಂದರಿಂದ ಪಾರಾಗಿ ಹೊರಟ ತೀವ್ರ ನೇರಳಾತೀತ ಬೆಳಕು ಅದರಲ್ಲಿ ದಾಖಲಾಗಿತ್ತು! 2.4 ಮೀಟರ್ ಕನ್ನಡಿಯ ಹಬಲ್ ದೂರದರ್ಶಕಕ್ಕೂ ಈ ಕ್ಷೀಣ ಬೆಳಕು ದಕ್ಕಿರಲಿಲ್ಲ. ನಮ್ಮ ಉಪಕರಣದಲ್ಲಿ ತಾನಾಗಿ ಹುಟ್ಟುವ ಹುಸಿ ಸಂಕೇತಗಳು ತೀರ ಕಡಿಮೆಯಾಗಿದ್ದುದೇ ಈ ಯಶಸ್ಸಿಗೆ ಕಾರಣ.

ಇನ್ನೂ ಪುರಾತನವಾದ ಗೆಲಾಕ್ಸಿಗಳ ಬೆಳಕು, ವಿಶ್ವವು ಹಿಗ್ಗುತ್ತಿರುವುದರಿಂದ, ದಾರಿಯಲ್ಲಿ ತಾನೂ ಹಿಗ್ಗಿ ಅವಕೆಂಪು ಕಿರಣವಾಗಿ ನಮ್ಮನ್ನು ತಲಪುತ್ತದೆ. 2021ರ ಡಿಸೆಂಬರ್ 25ರಂದು ಉಡಾವಣೆಗೊಂಡ ಜೇಮ್ಸ್ ವೆಬ್ ದೂರದರ್ಶಕವು ತನ್ನ 6.5 ಮೀಟರ್ ಕನ್ನಡಿಯಿಂದ ಅದನ್ನು ಗ್ರಹಿಸುತ್ತದೆ. ವಿಶ್ವ ಹುಟ್ಟಿ 30 ಕೋಟಿ ವರ್ಷ ತುಂಬುವ ಮೊದಲೇ ಬೆಳಗುತ್ತಿದ್ದ ಗೆಲಾಕ್ಸಿಯೊಂದನ್ನು 2024ರಲ್ಲಿ ಅದು ತೋರಿಸಿಕೊಟ್ಟಿತು. ಆದರೆ ಅಂಥ ಗೆಲಾಕ್ಸಿಗಳ ತೀವ್ರ ನೇರಳಾತೀತ ಕಿರಣಗಳು ದಾರಿಯ ಜಲಜನಕದಲ್ಲಿಯೇ ಲೀನವಾಗುತ್ತವೆ. ಅವು ಹೊರಬಿದ್ದ ಬಗೆಯನ್ನು ಅರಿಯಲು ಆಸ್ಟ್ರೋಸ್ಯಾಟ್ ಕಂಡಂಥ, ತುಸು ಸಮೀಪದ ಗೆಲಾಕ್ಸಿಗಳೇ ನಮಗೆ ನಿದರ್ಶನ. ಕತ್ತಲೆಯ ವಿಶ್ವ ಬೆಳಗಿದ ಕಥೆಯನ್ನು ತಿಳಿಯಲು ಹಿರಿಯ ಕನ್ನಡಿಯ ಶಕ್ತಿಯೂ ಬೇಕು, ಕಿರಿಯ ಕನ್ನಡಿಯ ತಾಳ್ಮೆಯೂ ಬೇಕು.