ನಂಬರ್ ಬರೆದಿಟ್ಟಿದ್ದೀರಾ?

ಮೊಬೈಲ್ ಕಳೆದುಹೋಯಿತು ಅಂತ ಠಾಣೆಗೆ ಹೋದವರಿಗೆ ಅಲ್ಲಿ ಕೇಳುವ ಪ್ರಶ್ನೆ ಒಂದೇ: "ಐಎಂಇಐ ನಂಬರ್ ಎಷ್ಟು?" ಬಹಳಷ್ಟು ಜನ ಆಗ ತಮ್ಮ ಸಿಮ್ ನಂಬರ್ ಹೇಳುತ್ತಾರೆ. ಕೆಲವರು ಬಣ್ಣ ಹೇಳುತ್ತಾರೆ, ಹಿಂದಿನ ಕವರ್ ಹೇಳುತ್ತಾರೆ, ಗಾಜು ಎಲ್ಲಿ ಒಡೆದಿತ್ತು ಅಂತ ಹೇಳುತ್ತಾರೆ. ಕಪ್ಪು ಬಣ್ಣದ, ಮೂಲೆ ಒಡೆದ ಫೋನ್‌ಗಳು ಊರಲ್ಲಿ ಸಾವಿರ ಇರಬಹುದು. ನಿಮ್ಮದು ಯಾವುದು ಅಂತ ಹೇಳುವುದು ಆ ಹದಿನೈದು ಅಂಕಿ ಮಾತ್ರ. ಅದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಫೋನ್ ಸಿಕ್ಕಿದರೂ ಅದು ನಿಮ್ಮದು ಅಂತ ತೋರಿಸುವುದು ಕಷ್ಟ.

ನಾನಿರುವ ಕ್ಯಾತ್ಸಂದ್ರ ಹೆದ್ದಾರಿಯ ಮೇಲಿನ ಊರು. ಒಂದು ಕಡೆ ಟೋಲ್, ಇನ್ನೊಂದು ಕಡೆ ರೈಲ್ವೆ ಸ್ಟೇಷನ್, ಪಕ್ಕದಲ್ಲೇ ಸಿದ್ಧಗಂಗಾ ಮಠ. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಶಿವಮೊಗ್ಗ ಕಡೆಗೆ ಹೋಗುವ ಬಸ್‌ಗಳು ಈ ದಾರಿಯಲ್ಲೇ ಓಡುತ್ತವೆ. ತಟ್ಟೆ ಇಡ್ಲಿ ತಿನ್ನಲಿಕ್ಕೆ ಇಳಿದವರು, ಜಾತ್ರೆಗೆ ಬಂದವರು, ಬಸ್ ಹತ್ತುವ ನೂಕುನುಗ್ಗಲಲ್ಲಿ ಸಿಕ್ಕಿಕೊಂಡವರು, ಎಲ್ಲರ ಜೇಬಲ್ಲೂ ಒಂದು ಫೋನ್. ಇಂಥ ಜಾಗದಲ್ಲಿ ಫೋನ್ ಹೋಗುವುದು ದೊಡ್ಡ ಸುದ್ದಿಯೇ ಅಲ್ಲ. ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಓಡಾಡುವ ನಮ್ಮವರು, ಗಲ್ಫಿನಿಂದ ರಜೆಗೆ ಬರುವ ಮಕ್ಕಳು, ಇವರ ಫೋನಲ್ಲಿ ಬರೀ ಮಾತು ಇರುವುದಿಲ್ಲ. ಪಾಸ್‌ಪೋರ್ಟ್ ಫೋಟೊ, ವೀಸಾ ಕಾಗದ, ಬ್ಯಾಂಕ್, ಅಂಗಡಿಯ ಲೆಕ್ಕ ಎಲ್ಲ ಅದರೊಳಗೇ.

ಹದಿನೈದು ಅಂಕಿಯಲ್ಲಿ ಏನಿದೆ?

ಫೋನ್ ಕರೆ ಮಾಡುವ ಜಾಗದಲ್ಲಿ *#06# ಅಂತ ಒತ್ತಿ ನೋಡಿ. ಕರೆ ಬಟನ್ ಒತ್ತುವುದೂ ಬೇಡ, ನಂಬರ್ ತಾನಾಗಿಯೇ ಬರುತ್ತದೆ. ಎರಡು ಸಿಮ್‌ನ ಫೋನ್ ಆದರೆ ಎರಡು ಐಎಂಇಐ ಬರುತ್ತದೆ, ಎರಡನ್ನೂ ಬರೆದುಕೊಳ್ಳಬೇಕು. ಈ ನಂಬರಿನ ಮೊದಲ 8 ಅಂಕಿ ಯಾವ ಕಂಪೆನಿಯ ಯಾವ ಮಾಡೆಲ್ ಅಂತ ಹೇಳುತ್ತದೆ. ಮುಂದಿನ 6 ಅಂಕಿ ಆ ಒಂದು ಫೋನ್‌ನದ್ದೇ ಕ್ರಮಸಂಖ್ಯೆ. ಕೊನೆಯ ಒಂದು ಅಂಕಿ ಮೊದಲಿನ ಹದಿನಾಲ್ಕರ ಲೆಕ್ಕದಿಂದ ಬರುವಂಥದ್ದು. ಬರೆಯುವಾಗ ಒಂದು ಅಂಕಿ ತಪ್ಪಿದರೂ ಕಂಪ್ಯೂಟರ್‌ಗೆ ಗೊತ್ತಾಗಲಿ ಅಂತ ಇಟ್ಟದ್ದು.

ಫೋನ್‌ಗೆ ಇದಲ್ಲದೆ ಬೇರೆ ಸೀರಿಯಲ್ ನಂಬರ್ ಕೂಡ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಅಂತ ಇರುವಲ್ಲಿ ಎರಡೂ ಸಿಗುತ್ತದೆ. ಸರ್ವಿಸ್ ಸೆಂಟರ್‌ನವರು ವಾರಂಟಿ ನೋಡುವಾಗ ಸೀರಿಯಲ್ ನಂಬರ್ ಕೇಳಬಹುದು. ಪೊಲೀಸರಿಗೂ ಮೊಬೈಲ್ ಕಂಪೆನಿಗೂ ಬೇಕಾದದ್ದು ಐಎಂಇಐ.

ಈ ನಂಬರಿನ ಬೆಲೆ ಹಳಬರಿಗೆ ಒಮ್ಮೆ ಗೊತ್ತಾಗಿತ್ತು. ಮುಂಬೈ ದಾಳಿಯ ಮರುವರ್ಷ, 2009ರ ನವೆಂಬರ್ ಕೊನೆಗೆ, ಸರಿಯಾದ ಐಎಂಇಐ ಇಲ್ಲದ ಫೋನ್‌ಗಳಿಗೆ ದೇಶದಲ್ಲಿ ಸಂಪರ್ಕವೇ ಕಡಿದುಹೋಯಿತು. ಕಡಿಮೆ ದುಡ್ಡಿಗೆ 'ಚೈನಾ ಸೆಟ್' ತೆಗೆದುಕೊಂಡವರು ಅಂದು ಮೊಬೈಲ್ ಅಂಗಡಿಗಳಿಗೆ ಅಲೆದದ್ದು ಅನೇಕರಿಗೆ ನೆನಪಿರಬಹುದು.

ಕಳೆದುಹೋದರೆ ದಾರಿ ಏನು?

ಕೇಂದ್ರದ ದೂರಸಂಪರ್ಕ ಇಲಾಖೆ ಸಿಇಐಆರ್ ಅನ್ನುವ ವ್ಯವಸ್ಥೆ ಮಾಡಿದೆ. 2019ರಲ್ಲಿ ಮಹಾರಾಷ್ಟ್ರ ಮತ್ತು ದಿಲ್ಲಿಯಲ್ಲಿ ಪ್ರಯೋಗಕ್ಕೆ ಶುರುವಾದದ್ದು, 2023ರ ಮೇ ತಿಂಗಳಿಂದ 'ಸಂಚಾರ್ ಸಾಥಿ' ಹೆಸರಲ್ಲಿ ದೇಶಕ್ಕೆಲ್ಲ ಸಿಗುತ್ತಿದೆ. ಇದರಲ್ಲಿ ನಿಮ್ಮ ಐಎಂಇಐ ಕೊಟ್ಟು ಬ್ಲಾಕ್ ಮಾಡಿಸಿದರೆ ಆ ಫೋನ್ ದೇಶದ ಯಾವ ಕಂಪೆನಿಯ ಸಿಮ್ ಹಾಕಿದರೂ ನಡೆಯುವುದಿಲ್ಲ. ಯಾರಾದರೂ ಸಿಮ್ ಹಾಕಿ ನೋಡಿದರೆ ಆ ಮಾಹಿತಿ ಪೊಲೀಸರಿಗೆ ಹೋಗುತ್ತದೆ.

ಕ್ರಮ ಹೀಗೆ. ಫೋನ್ ಎಲ್ಲೋ ಬಿದ್ದು ಕಳೆದುಹೋಗಿದ್ದರೆ ಕರ್ನಾಟಕ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಇ-ಲಾಸ್ಟ್ ದೂರು ಕೊಡಬಹುದು. ಕಳವಾಗಿದೆ ಅಂತ ಗೊತ್ತಿದ್ದರೆ ಠಾಣೆಗೇ ಹೋಗಿ ದೂರು ಕೊಡಬೇಕು. ಆಮೇಲೆ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಬೇಕು, ಒಟಿಪಿ ಬರುವುದು ಅದಕ್ಕೆ. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಗಾಬರಿ ಬೇಡ. ನಂತರ ಸಂಚಾರ್ ಸಾಥಿಯಲ್ಲಿ ಐಎಂಇಐ, ದೂರಿನ ಪ್ರತಿ, ಫೋನ್ ಕೊಂಡ ಬಿಲ್, ಗುರುತಿನ ಚೀಟಿ ಹಾಕಿ ಕೋರಿಕೆ ಸಲ್ಲಿಸಬೇಕು. ಒಂದು ರಿಕ್ವೆಸ್ಟ್ ಐಡಿ ಕೊಡುತ್ತಾರೆ. ಫೋನ್ ಸಿಕ್ಕಿದ ಮೇಲೆ ಬ್ಲಾಕ್ ತೆಗೆಯಲಿಕ್ಕೆ ಅದೇ ಬೇಕು, ಜೋಪಾನ ಮಾಡಿ.

ಫೋನ್‌ನ ಜೊತೆ ಬ್ಯಾಂಕಿನ ಹಣವೂ ಹೋಗಿದ್ದರೆ ಇದಕ್ಕೆ ಕಾಯಬೇಡಿ. ತಕ್ಷಣ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ.

ಗಲ್ಫಿನಿಂದ ತಂದ ಫೋನ್‌ನಲ್ಲಿ ಒಂದು ತೊಂದರೆ ಇದೆ. ಲಗೇಜ್ ಭಾರ ಆಗುತ್ತದೆ ಅಂತ ಬಾಕ್ಸನ್ನು ಅಲ್ಲೇ ಬಿಟ್ಟು ಬರುತ್ತಾರೆ, ಬಿಲ್ಲೂ ಅದರೊಟ್ಟಿಗೆ ಹೋಗುತ್ತದೆ. ಬಾಕ್ಸ್ ಬಿಟ್ಟರೂ ಅದರ ಮೇಲಿನ ಸ್ಟಿಕ್ಕರ್ ಮತ್ತು ಬಿಲ್ಲಿನ ಫೋಟೊ ತೆಗೆದು ಊರಲ್ಲಿರುವ ಉಮ್ಮನ ಫೋನಿಗೋ ತಮ್ಮನ ಫೋನಿಗೋ ಕಳಿಸಿಬಿಡಿ. ಫೋನ್ ಈಗಾಗಲೇ ಹೋಗಿದ್ದು, ನಂಬರ್ ಎಲ್ಲೂ ಬರೆದಿಲ್ಲ ಅಂತಾದರೂ ಒಂದು ದಾರಿ ಉಂಟು. ಗೂಗಲ್‌ನ ಫೈಂಡ್ ಹಬ್‌ನಲ್ಲಿ (ಮೊದಲಿನ ಹೆಸರು ಫೈಂಡ್ ಮೈ ಡಿವೈಸ್) ನಿಮ್ಮ ಇಮೇಲ್ ಹಾಕಿ ಲಾಗಿನ್ ಆದರೆ ಫೋನ್ ಹೆಸರಿನ ಹತ್ತಿರದ ಮಾಹಿತಿ ಗುರುತು ಒತ್ತಿದಾಗ ಐಎಂಇಐ ಕಾಣಬಹುದು. ಐಫೋನ್ ಇದ್ದವರಿಗೆ ಆ್ಯಪಲ್ ಖಾತೆಯ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ಇಮೇಲ್ ಯಾವುದು, ಪಾಸ್‌ವರ್ಡ್ ಏನು ಅಂತಲೇ ಗೊತ್ತಿಲ್ಲದವರು ನಮ್ಮಲ್ಲಿ ಎಷ್ಟೋ ಜನ. ಅಂಗಡಿಯವನೇ ಹಾಕಿಕೊಟ್ಟದ್ದು ಅನ್ನುತ್ತಾರೆ. ಅದಕ್ಕೇ ಪುಸ್ತಕದಲ್ಲಿ ಬರೆಯುವುದು ಒಳ್ಳೆಯದು.

ಮನೆಯ ಉಳಿದ ಸಾಮಾನು

ಲ್ಯಾಪ್‌ಟಾಪ್, ಟಿವಿ, ಫ್ರಿಜ್‌ಗಳನ್ನು ಫೋನಿನಂತೆ ಬ್ಲಾಕ್ ಮಾಡಲಿಕ್ಕೆ ಆಗುವುದಿಲ್ಲ. ಆದರೂ ಸೀರಿಯಲ್ ನಂಬರ್ ಬೇಕು. ವಾರಂಟಿಗೆ ಅದು ಬೇಕು, ಇನ್ಶೂರೆನ್ಸ್ ಇದ್ದರೆ ಅದಕ್ಕೂ ಬೇಕು. ಕಳ್ಳನ ಹತ್ತಿರ ಹತ್ತು ಲ್ಯಾಪ್‌ಟಾಪ್ ಸಿಕ್ಕಿದಾಗ ಇದು ನನ್ನದು ಅಂತ ಬಿಡಿಸಿಕೊಳ್ಳಲಿಕ್ಕೂ ಅದೇ ಆಧಾರ.

ಲ್ಯಾಪ್‌ಟಾಪ್‌ನ ಅಡಿಯಲ್ಲಿ ಚೀಟಿ ಇರುತ್ತದೆ. ಅದು ಅಳಿಸಿದ್ದರೆ, ಎಚ್‌ಪಿ ಲ್ಯಾಪ್‌ಟಾಪ್ ಆದಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಕೀ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಟಿವಿಗೆ ಹಿಂಭಾಗದಲ್ಲಿ, ಗೋಡೆಗೆ ತೂಗುಹಾಕಿದ್ದರೆ ಸೆಟ್ಟಿಂಗ್ಸ್ ಒಳಗೆ ಹುಡುಕಿ. ಫ್ರಿಜ್‌ಗೆ ಹೆಚ್ಚಾಗಿ ಬಾಗಿಲು ತೆಗೆದಾಗ ಒಳಗೋಡೆಯಲ್ಲಿ, ತರಕಾರಿ ಡಬ್ಬದ ಹತ್ತಿರ, ಇಲ್ಲವೇ ಹಿಂದೆ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್‌ಗೆ ಬಾಗಿಲಿನ ಅಂಚಿನಲ್ಲಿ, ಮೇಲಿನಿಂದ ಹಾಕುವುದಕ್ಕೆ ಹಿಂಭಾಗದಲ್ಲಿ. ಎಸಿಗೆ ಒಳಗಿನ ಪೆಟ್ಟಿಗೆಗೆ ಒಂದು ನಂಬರ್, ಹೊರಗಿನ ಪೆಟ್ಟಿಗೆಗೆ ಬೇರೆ. ಮಿಕ್ಸಿಯನ್ನು ಮಗುಚಿ ನೋಡಿದರೆ ಸಾಕು. ಇನ್ವರ್ಟರ್ ಬ್ಯಾಟರಿಯ ಮೇಲೆ ನಂಬರನ್ನು ಒತ್ತಿರುತ್ತಾರೆ, ವಾರಂಟಿ ಕಾರ್ಡಿನಲ್ಲೂ ಅದೇ ಇರಬೇಕು. ಎರಡೂ ತಾಳೆಯಾಗುತ್ತದಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಮನೆಗೆ ತಂದ ಮೇಲೆ ಜಗಳ ಮಾಡಿ ಪ್ರಯೋಜನ ಇಲ್ಲ.

ಚೀಟಿಯಲ್ಲಿ ನಂಬರ್‌ಗಳು ನಾಲ್ಕೈದು ಇರುತ್ತದೆ. ಮಾಡೆಲ್ ನಂಬರ್ ಆ ಮಾದರಿಯ ಎಲ್ಲ ಸಾಮಾನಿಗೂ ಒಂದೇ. ಬಿಐಎಸ್ ಗುರುತಿನ ಹತ್ತಿರ ಇಂಗ್ಲಿಷ್ 'ಆರ್' ಅಕ್ಷರದಿಂದ ಶುರುವಾಗುವುದು ಕಂಪೆನಿಯ ನೋಂದಣಿ ಸಂಖ್ಯೆ, ಅದೂ ನಿಮ್ಮ ಸಾಮಾನಿನ ಗುರುತಲ್ಲ. 'ಎಸ್/ಎನ್' ಅಥವಾ 'ಸೀರಿಯಲ್ ನಂಬರ್' ಅಂತ ಇಂಗ್ಲಿಷ್‌ನಲ್ಲಿ ಬರೆದಿರುವುದೇ ನಿಮಗೆ ಬೇಕಾದದ್ದು. ಸೊನ್ನೆಯೋ 'ಓ' ಅಕ್ಷರವೋ, ಒಂದೋ 'ಐ' ಅಕ್ಷರವೋ ಅಂತ ಸಂಶಯ ಬರುವುದು ಸಹಜ. ಅದಕ್ಕೆ ಬರೆಯುವುದರ ಜೊತೆ ಚೀಟಿಯ ಫೋಟೊ ಕೂಡ ಇರಲಿ.

ಅಂಗಡಿ, ಹೋಟೆಲ್ ಇರುವವರು ಬಿಲ್ಲಿಂಗ್ ಮೆಷಿನ್, ತೂಕದ ಮೆಷಿನ್, ಸಿಸಿಟಿವಿ ಡಬ್ಬ ಎಲ್ಲದರದ್ದೂ ಬರೆದಿಡಬೇಕು. ಮಸೀದಿ, ಮದ್ರಸದ ಆಂಪ್ಲಿಫೈಯರ್, ಮೈಕ್, ಇನ್ವರ್ಟರ್ ಕೂಡ ಜಮಾಅತಿನ ಸ್ಟಾಕ್ ಪುಸ್ತಕದಲ್ಲಿ 'ಮೈಕ್ ಸೆಟ್ 1' ಅಂತ ಮಾತ್ರ ಇದ್ದರೆ ಸಾಲದು. ಕಮಿಟಿ ಬದಲಾದಾಗ ಯಾವ ಆಂಪ್ಲಿಫೈಯರ್ ಇತ್ತು, ಯಾವುದು ಉಳಿದಿದೆ ಅನ್ನುವ ಮಾತು ಬರುವುದೇ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಮೊದಲು

ಕಡಿಮೆಗೆ ಸಿಗುತ್ತದೆ ಅಂತ ಬಿಲ್ಲಿಲ್ಲದ ಫೋನ್ ಕೊಳ್ಳುವ ಹುಡುಗರು ಇದನ್ನು ಓದಲೇಬೇಕು. ಆ ಫೋನ್ ಕಳವಿನದ್ದಾದರೆ, ನೀವು ನಿಮ್ಮ ಸಿಮ್ ಹಾಕಿದ ದಿನವೇ ಪೊಲೀಸರಿಗೆ ನಿಮ್ಮ ಹೆಸರು ಹೋಗಬಹುದು. ಕದ್ದವನು ಎಲ್ಲೋ, ವಿಚಾರಣೆಗೆ ನಿಲ್ಲುವವನು ನೀವು. ಕೊಳ್ಳುವ ಮೊದಲು *#06# ಒತ್ತಿ, ಬಂದ ನಂಬರ್ ಬಾಕ್ಸಿನ ಮೇಲಿರುವುದಕ್ಕೂ ಬಿಲ್ಲಿಗೂ ತಾಳೆಯಾಗುತ್ತದಾ ನೋಡಿ. ಆಮೇಲೆ ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್‌ನ ಕೆ, ವೈ, ಎಂ ಅಕ್ಷರ ಬರೆದು, ಒಂದು ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಕಳಿಸಿ. ಯಾವ ಕಂಪೆನಿಯ ಯಾವ ಮಾಡೆಲ್ ಅಂತ ಉತ್ತರ ಬರುತ್ತದೆ. ಕೈಯಲ್ಲಿರುವುದು ಒಂದು, ಉತ್ತರದಲ್ಲಿರುವುದು ಇನ್ನೊಂದು ಆದರೆ, ಅಥವಾ ಬ್ಲ್ಯಾಕ್‌ಲಿಸ್ಟ್ ಅಂತಲೋ ಡುಪ್ಲಿಕೇಟ್ ಅಂತಲೋ ಬಂದರೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಮೊಬೈಲ್ ಅಂಗಡಿ ಇಟ್ಟವರಿಗೂ ಒಂದು ಮಾತು. ಹಳೆಯ ಫೋನ್ ತೆಗೆದುಕೊಳ್ಳುವಾಗ ಕೊಟ್ಟವನ ಗುರುತಿನ ಚೀಟಿ, ಐಎಂಇಐ, ದಿನಾಂಕ, ಸಹಿ ಒಂದು ಪುಸ್ತಕದಲ್ಲಿ ಇರಲಿ. ಐಎಂಇಐ ಬದಲಾಯಿಸಿ ಕೊಡಿ ಅಂತ ಕೇಳಿಕೊಂಡು ಬಂದವನನ್ನು ಬಾಗಿಲಲ್ಲೇ ಕಳಿಸಿಬಿಡಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ದಾರಿಯಲ್ಲಿ ಸಿಕ್ಕಿದ ಫೋನ್

ಬಿದ್ದು ಸಿಕ್ಕಿದ ವಸ್ತುವಿನ ವಿಚಾರ ಫಿಕ್ಹ್‌ನಲ್ಲಿ 'ಲುಖತ' ಅನ್ನುವ ಒಂದು ಅಧ್ಯಾಯವೇ ಇದೆ. ದರ್ಸ್‌ನಲ್ಲಿ ಕಲಿತವರಿಗೆ ಗೊತ್ತು. ಸಿಕ್ಕಿದ ಹಣದ ಚೀಲದ ಬಗ್ಗೆ ಕೇಳಿದವರಿಗೆ ಪ್ರವಾದಿವರ್ಯರು (ಸ) ಮೊದಲು ಹೇಳಿದ್ದು ಅದರ ಚೀಲವನ್ನೂ ಕಟ್ಟಿದ ದಾರವನ್ನೂ ಗುರುತು ಮಾಡಿಕೊಳ್ಳಲಿಕ್ಕೆ. ಒಂದು ವರ್ಷ ಸಾರುವ ಮಾತು ಆಮೇಲೆ. ಗುರುತು ಹೇಳಿದವನಿಗೆ ವಸ್ತು ಸೇರಬೇಕು ಅನ್ನುವುದು ಅದರ ಸಾರ. ಅಂದಿನ ಚೀಲ, ದಾರದ ಜಾಗದಲ್ಲಿ ಇಂದು ಈ ಹದಿನೈದು ಅಂಕಿ ಇದೆ ಅಂತ ತಿಳಿಯಬಹುದು. ಕಳಕೊಂಡವನಿಗೆ ತನ್ನ ವಸ್ತುವಿನ ಗುರುತೇ ಗೊತ್ತಿಲ್ಲದಿದ್ದರೆ ಸಿಕ್ಕಿದವನು ಎಷ್ಟು ಪ್ರಾಮಾಣಿಕನಾದರೂ ಏನು ಮಾಡಲಿಕ್ಕೆ ಸಾಧ್ಯ?

ಹಾಗಾಗಿ ಫೋನ್ ಸಿಕ್ಕಿದರೆ ಅದರಲ್ಲಿರುವ ಸಿಮ್ ತೆಗೆಯಬೇಡಿ, ನಿಮ್ಮ ಸಿಮ್ ಹಾಕಬೇಡಿ. ಚಾರ್ಜ್ ಇದ್ದರೆ ಆಫ್ ಮಾಡದೆ ಇಡಿ, ಮಾಲೀಕರು ಕರೆ ಮಾಡಬಹುದು. ಕರೆ ಬಾರದಿದ್ದರೆ ಹತ್ತಿರದ ಠಾಣೆಗೆ ಕೊಟ್ಟು ಬನ್ನಿ.

ಒಂದು ಪುಸ್ತಕ, ಒಂದು ಸಂಜೆ

ಇದಕ್ಕೆಲ್ಲ ಬೇಕಾದದ್ದು ಮಕ್ಕಳ ಹಳೆಯ ನೋಟ್‌ಬುಕ್ ಮತ್ತು ಒಂದು ಸಂಜೆ. ಪ್ರತಿ ಸಾಮಾನಿಗೆ ಒಂದು ಸಾಲು: ಹೆಸರು, ಕಂಪೆನಿ, ಮಾಡೆಲ್, ಸೀರಿಯಲ್ ನಂಬರ್, ಫೋನ್ ಆದರೆ ಎರಡೂ ಐಎಂಇಐ, ಕೊಂಡ ದಿನ, ಅಂಗಡಿ, ವಾರಂಟಿ ಯಾವಾಗ ಮುಗಿಯುತ್ತದೆ. ಒಬ್ಬರು ನಂಬರ್ ಓದಲಿ, ಒಬ್ಬರು ಬರೆಯಲಿ, ಬರೆದವರು ತಿರುಗಿ ಓದಲಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಖುಷಿಯಲ್ಲಿ ಮಾಡುತ್ತಾರೆ. ಈಗಿನ ಬಿಲ್ಲು ಹೆಚ್ಚಿನದು ಬಿಸಿಗೆ ಅಕ್ಷರ ಮೂಡುವ ಕಾಗದ, ವರ್ಷ ಕಳೆಯುವಾಗ ಬೆಳ್ಳಗಾಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿ ಅದೇ ಪುಸ್ತಕದಲ್ಲಿ ಅಂಟಿಸಿ. ರಿಪೇರಿಯಲ್ಲಿ ಫೋನಿನ ಮದರ್‌ಬೋರ್ಡ್ ಬದಲಾದರೆ, ವಾರಂಟಿಯಲ್ಲಿ ಬ್ಯಾಟರಿ ಬದಲಾಯಿಸಿ ಕೊಟ್ಟರೆ ನಂಬರ್ ಬದಲಾಗಬಹುದು. ಹಳೆಯದಕ್ಕೆ ಗೆರೆ ಎಳೆದು ಹೊಸದು ಬರೆಯಿರಿ, ಸರ್ವಿಸ್ ಕಾಗದ ಕೇಳಿ ತೆಗೆದುಕೊಳ್ಳಿ.

ಬರೆದದ್ದನ್ನು ಅದೇ ಫೋನ್‌ನೊಳಗೆ ಮಾತ್ರ ಇಡಬೇಡಿ. ಫೋನ್ ಹೋದರೆ ನಂಬರೂ ಅದರ ಜೊತೆ ಹೋಗುತ್ತದೆ. ಪುಸ್ತಕ ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆ ಇರಲಿ. ನಂಬರಿನ ಫೋಟೊವನ್ನು ಸ್ಟೇಟಸ್‌ಗೋ ಗ್ರೂಪಿಗೋ ಹಾಕಬೇಡಿ. ಫೋನ್ ಕಳೆದ ಮೇಲೆ 'ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ, ಒಟಿಪಿ ಹೇಳಿ' ಅಂತ ಬರುವ ಮೆಸೇಜ್ ನಂಬಬೇಡಿ, ಪೊಲೀಸರು ಒಟಿಪಿ ಕೇಳುವುದಿಲ್ಲ.

ಇವತ್ತು ಮನೆಯಲ್ಲಿರುವ ಎಲ್ಲ ಫೋನ್‌ಗಳಲ್ಲೂ *#06# ಒತ್ತುವುದರಿಂದ ಶುರು ಮಾಡಿ. ಫ್ರಿಜ್, ಟಿವಿ ನಾಳೆಗೆ ಇರಲಿ.