ಉನ್ಮಾದ-ಖಿನ್ನತಾ ವ್ಯಾಧಿಯೂ ಸಹೋದ್ಯೋಗಿಗಳ ತಪ್ಪು ತಿಳಿವಳಿಕೆಯೂ

ಬೆಂಗಳೂರಿನ ಹುಚ್ಚರ ಆಸ್ಪತ್ರೆಗೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದುದು 1925ರಲ್ಲಿ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರುಗಳು ಹೀಗೆ ಬದಲಾದುವು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಚೇರಿ ಕಾಲೇಜುಗಳಲ್ಲಿ ‘ಅವರು ನಿಮ್ಹಾನ್ಸಿಗೆ ಹೋಗಿದ್ದರಂತೆ’ ಎಂದರೆ ಅನೇಕರ ಕಿವಿಗೆ ಬೀಳುವುದು ಮೊದಲಿನ ಹೆಸರೇ.

ದ್ವಿಧ್ರುವ ವ್ಯಾಧಿಯೆಂದು ಇಂದು ಕರೆಯುವ ಈ ರೋಗಕ್ಕೆ ಎರಡು ಅವಸ್ಥೆಗಳುಂಟು. ಉನ್ಮಾದದಲ್ಲಿ ನಿದ್ರೆ ಕುಗ್ಗಿ, ಮಾತು, ಉತ್ಸಾಹ, ಯೋಜನೆಗಳು ಮಿತಿಮೀರುತ್ತವೆ. ಸಹೋದ್ಯೋಗಿಗಳು ಇದನ್ನು ಮೊದಲು ಕಾರ್ಯದಕ್ಷತೆಯೆಂದು ಹೊಗಳಿ, ಬಳಿಕ ಅಹಂಕಾರವೆಂದು ದೂರುತ್ತಾರೆ. ಖಿನ್ನತೆಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚದೆ ಉಳಿದರೆ ಅದು ಸೋಮಾರಿತನವೆನಿಸುತ್ತದೆ. ಇವೆರಡರ ನಡುವೆ ತಿಂಗಳುಗಟ್ಟಲೆ, ಚಿಕಿತ್ಸೆ ಸರಿಯಾಗಿ ಸಾಗಿದರೆ ವರ್ಷಗಟ್ಟಲೆ, ಸ್ವಸ್ಥ ಕಾಲವಿರುವುದುಂಟು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯರು. ರೋಗವು ಒಮ್ಮೆ ಬಯಲಾದ ಮೇಲಂತೂ ವೇಳಾಪಟ್ಟಿಯ ವಿಷಯದಲ್ಲಿ ನ್ಯಾಯವಾಗಿ ಆಕ್ಷೇಪಿಸಿದರೂ ‘ಇವತ್ತು ಮಾತ್ರೆ ತಗೊಂಡಿಲ್ಲವೇನೋ’ ಎಂಬ ಪಿಸುಮಾತು ಹುಟ್ಟುತ್ತದೆ. ಸೋಮಾರಿಯೆನಿಸಿಕೊಳ್ಳುವುದಕ್ಕಿಂತಲೂ ಇದು ಹೆಚ್ಚಿನ ಅನ್ಯಾಯವೆಂದು ನನ್ನ ಎಣಿಕೆ.

ಔಷಧದಿಂದಲೂ ತಪ್ಪು ಗ್ರಹಿಕೆ ಉಂಟಾಗುತ್ತದೆ. ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಯೋಗಫಲವನ್ನು ಪ್ರಕಟಿಸಿದ ಲಿಥಿಯಂ ಇಂದಿಗೂ ಈ ರೋಗಕ್ಕೆ ಮುಖ್ಯವಾದ ಮದ್ದು. ಅದನ್ನು ಸೇವಿಸುವವರಲ್ಲಿ ಕೆಲವರಿಗೆ ಕೈ ನಡುಗುತ್ತದೆ, ಬಾಯಾರಿಕೆ ಹೆಚ್ಚುತ್ತದೆ, ಮೂತ್ರಕ್ಕೆ ಮತ್ತೆಮತ್ತೆ ಹೋಗಬೇಕಾಗುತ್ತದೆ. ಕಪ್ಪುಹಲಗೆಯ ಮೇಲೆ ಅಕ್ಷರ ಅಲುಗಿದರೆ ಕುಡಿತವೆಂದೂ, ತರಗತಿಯಿಂದ ಹೊರಬಂದರೆ ಕೆಲಸಗಳ್ಳತನವೆಂದೂ ತಿಳಿಯುವವರಿದ್ದಾರೆ. ಬೇಸಿಗೆಯಲ್ಲಿ ದೇಹದ ನೀರಿನಂಶ ತೀರ ತಗ್ಗಿದರೆ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಹುದು. ಪರೀಕ್ಷಾ ಕೊಠಡಿಯಲ್ಲಿ ಅಂಥವರ ಕೈಯಲ್ಲಿ ನೀರಿನ ಸೀಸೆಯಿದ್ದರೆ ಅದನ್ನು ಆಕ್ಷೇಪಿಸುವುದು ತರವಲ್ಲ. ಆಗಾಗ್ಗೆ ರಕ್ತಪರೀಕ್ಷೆಗೆಂದು ತೆಗೆದುಕೊಳ್ಳುವ ರಜೆಯೂ ನೆಪವಲ್ಲ.

ರೋಗಿಯು ಎಲ್ಲರಿಗೂ ವಿವರಣೆ ಕೊಡಬೇಕಾಗಿಲ್ಲ. ಊರು, ಮನೆತನಗಳು ಪರಸ್ಪರ ಗೊತ್ತಿರುವ ತಾಲ್ಲೂಕು ಕೇಂದ್ರದಲ್ಲಿ ಅದು ಅಪಾಯಕರವೂ ಹೌದು. ನಂಬಿಕೆಯುಳ್ಳ ಒಬ್ಬ ಸಹೋದ್ಯೋಗಿಗೆ, ಸಾಧ್ಯವಾದರೆ ಪ್ರಾಂಶುಪಾಲರಿಗೆ, ಸ್ವಸ್ಥನಾಗಿರುವಾಗಲೇ ತಿಳಿಸಿ, ಯಾವ ಲಕ್ಷಣ ಕಂಡರೆ ಮನೆಯವರಲ್ಲಿ ಯಾರನ್ನು ಕರೆಯಬೇಕು, ತರಗತಿಯನ್ನು ಯಾರು ವಹಿಸಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಉಚಿತ. ನಿದ್ರಾಭಂಗದಿಂದ ಉನ್ಮಾದ ಕೆರಳುವುದುಂಟಾದ್ದರಿಂದ ರಾತ್ರಿಯ ಕೆಲಸವನ್ನು ತಪ್ಪಿಸಿಕೊಡಬಹುದು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ರೋಗಿಯಲ್ಲದೆ ಸಹೋದ್ಯೋಗಿಯೂ ಕರೆಮಾಡಬಹುದು.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸೇವೆಯಲ್ಲಿರುವಾಗ ಅಂಗವಿಕಲತೆ ಉಂಟಾಯಿತೆಂಬ ಕಾರಣಕ್ಕೆ ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ, ದರ್ಜೆಯನ್ನು ತಗ್ಗಿಸುವಂತಿಲ್ಲ. ಮಾನಸಿಕ ಕಾಯಿಲೆಯಿದ್ದ ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಮೇಲಿನ ಶಿಸ್ತುಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ರದ್ದುಗೊಳಿಸಿತು. ಆಪಾದಿತ ನಡತೆಗೆ ರೋಗವು ಹಲವು ಕಾರಣಗಳಲ್ಲಿ ಒಂದಾಗಿದ್ದರೂ ರಕ್ಷಣೆಗೆ ಸಾಕೆಂಬುದು ಆ ತೀರ್ಪಿನ ತಾತ್ಪರ್ಯ.