ತೊಲೆ ಯಾವುದು, ತೋರಣ ಯಾವುದು?

ಲಗ್ನದ ದಿನಗಳು ಸಮೀಪಿಸಿದವೆಂದರೆ ಹುಮನಾಬಾದಿನ ಮುದ್ರಣದ ಅಂಗಡಿಗಳಿಗೆ ಹೊಸ ಕಳೆ ಬರುತ್ತದೆ. ಮುಂಬಯಿ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಈ ಊರಿಗೆ ಸುತ್ತಲಿನ ಹಳ್ಳಿಗಳಿಂದ ಲಗ್ನಪತ್ರಿಕೆ ಮಾಡಿಸಲು ಬರುವವರು ಒಂದು ಬಿಳಿಯ ಹಾಳೆಯ ಮುಂದೆ ಕುಳಿತು ಯೋಚಿಸಬೇಕಾದುದಿಲ್ಲ. ಮೇಜಿನ ಮೇಲೆ ಮಾದರಿ ಪತ್ರಿಕೆಗಳ ದಪ್ಪನಾದ ಕಟ್ಟು ಇರುತ್ತದೆ. ಕಂಪ್ಯೂಟರಿನೊಳಗೆ ಅದಕ್ಕಿಂತ ದೊಡ್ಡ ಭಂಡಾರವೇ ಇರುತ್ತದೆ. ಗಣಪತಿ, ಕಳಶ, ಬಾಳೆಯ ಕಂಬ, ಎರಡು ನವಿಲು ಎಲ್ಲವೂ ಸಿದ್ಧ. ಬದಲಾಗಬೇಕಾದದ್ದು ಹೆಸರು, ದಿನ, ಸ್ಥಳ ಇಷ್ಟೇ.

ಇಂಥ ಅಂಗಡಿಗೆ ಬಂದ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ತಂದೆ ತೀರಿಕೊಂಡು ಹತ್ತು ವರ್ಷವಾಗಿದೆ. ಹೊಲಿಗೆಯಂತ್ರ ತುಳಿದು ಮಗಳನ್ನು ಓದಿಸಿದವಳು ತಾಯಿ. ಪತ್ರಿಕೆ ಮಾಡಿಸಲು ಚಿಕ್ಕಪ್ಪನೂ ಮಗಳೂ ಬಂದಿದ್ದಾರೆ. ಆರಿಸಿದ ಮಾದರಿಯಲ್ಲಿ ಆಹ್ವಾನಿಸುವವರಿಗಾಗಿ ಇರುವುದು ಒಂದೇ ಸಾಲು. ಅಲ್ಲಿ ಚಿಕ್ಕಪ್ಪನ ಹೆಸರು ಕೂತಿದೆ.

“ಅವ್ವನ ಹೆಸರು ಎಲ್ಲಿ ಬರ್ತದ, ಕಾಕಾ?” ಎಂದು ಹುಡುಗಿ ಕೇಳುತ್ತಾಳೆ.

ಚಿಕ್ಕಪ್ಪ ಅಂಗಡಿಯವನ ಮುಖ ನೋಡುತ್ತಾನೆ. “ಡಿಸೈನ್‌ದಾಗ ಜಾಗಾ ಇಲ್ರೀ” ಎಂದು ಅಂಗಡಿಯವನ ಉತ್ತರ.

ಈ ಉತ್ತರದಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಹತ್ತು ವರ್ಷ ಮನೆ ನಡೆಸಿದವಳಿಗೆ ಮನೆಯ ಪತ್ರಿಕೆಯಲ್ಲಿ ಸ್ಥಳವಿಲ್ಲದಂತಾಯಿತು. ಅದೂ ಪರರು ಯಾರೋ, ಎಲ್ಲಿಯೋ ಕುಳಿತು ಎಳೆದ ಒಂದು ಚೌಕಟ್ಟಿನ ಕಾರಣದಿಂದ!

ಸಿದ್ಧ ಮಾದರಿಯನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಅದನ್ನು ಶಾಸನವೆಂದು ತಿಳಿದು ತಲೆಬಾಗುತ್ತಾರೆ. ಮತ್ತೆ ಕೆಲವರು ಬೇಸತ್ತು ಎಲ್ಲವನ್ನೂ ಕಿತ್ತೊಗೆದು ಮೊದಲಿನಿಂದ ಆರಂಭಿಸಹೋಗಿ, ಸಮಯವನ್ನೂ ಹಣವನ್ನೂ ಕಳೆದುಕೊಂಡು ಕೊನೆಗೆ ಅಂದಗೆಟ್ಟ ವಸ್ತುವೊಂದನ್ನು ಪಡೆಯುತ್ತಾರೆ. ನಡುವಣ ಮಾರ್ಗವೊಂದುಂಟು. ಹಳೆಯ ಮನೆಯನ್ನು ಕೊಂಡ ಜಾಣ ಗೃಹಸ್ಥನು ಗೋಡೆಗೆ ಗುದ್ದಲಿ ಹಾಕುವ ಮೊದಲು ಭಾರ ಹೊತ್ತ ತೊಲೆ ಯಾವುದು, ಅಂದಕ್ಕೆ ಕಟ್ಟಿದ ತೋರಣ ಯಾವುದು ಎಂದು ನೋಡಿಕೊಳ್ಳುತ್ತಾನೆ. ಆ ವಿವೇಕವೇ ಇಲ್ಲಿಯೂ ಬೇಕಾದುದು.

ಅಕ್ಷರಕ್ಕೆ ಬೇಕಾದ ಎಡೆ

ಪತ್ರಿಕೆಯ ಮಾದರಿಯಲ್ಲಿ ತೊಲೆಯಂತಿರುವ ಅಂಶಗಳು ಕೆಲವೇ. ನಾಲ್ಕೂ ಬದಿಯ ಅಂಚು, ನಡುವಣ ರೇಖೆ, ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಇರುವ ಪ್ರಮಾಣ, ಸಾಲುಗಳ ನಡುವಿನ ತೆರಪು ಇವು ಕೆಟ್ಟರೆ ಎಷ್ಟು ಚಿನ್ನದ ಬಣ್ಣ ಬಳಿದರೂ ಪತ್ರಿಕೆ ನಿಲ್ಲುವುದಿಲ್ಲ. ನವಿಲು, ಬಳ್ಳಿ, ಹೂವಿನ ಕುಚ್ಚು ಇವೆಲ್ಲ ತೋರಣ. ಅವು ಇದ್ದರೂ ಸರಿ, ಹೋದರೂ ಸರಿ.

ಆದರೆ ತೊಲೆಯೇ ನಮ್ಮ ಭಾರಕ್ಕೆ ತಕ್ಕುದಾಗಿರದ ಸಂದರ್ಭವೂ ಒದಗುತ್ತದೆ. ಇಂಗ್ಲಿಷ್ ಲಿಪಿಗಾಗಿ ಸಿದ್ಧವಾದ ಮಾದರಿಗಳಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ. ಆ ಲಿಪಿಯ ಹೆಚ್ಚಿನ ಅಕ್ಷರಗಳು ರೇಖೆಯ ಮೇಲೆಯೇ ನಿಲ್ಲುವುದರಿಂದ ಅಲ್ಲಿ ಅದು ನಡೆಯುತ್ತದೆ. ಕನ್ನಡದ ಸ್ವಭಾವ ಬೇರೆ. ‘ಲಗ್ನ’ ಎಂದು ಬರೆದೊಡನೆ ನಕಾರದ ಒತ್ತು ಕೆಳಗಿಳಿಯುತ್ತದೆ. ‘ಸ್ತ್ರೀ’ ಎಂಬಲ್ಲಿ ಒಂದಲ್ಲ, ಎರಡು ಒತ್ತುಗಳು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಮತ್ತು ಗುಡಿಸಿಗೆ ತಾಗಿದರೆ ಓದುವವನ ಕಣ್ಣು ಎಡವುತ್ತದೆ. ಆದುದರಿಂದ ಕನ್ನಡಕ್ಕೆ ತಿರುಗಿಸುವಾಗ ಮೊಟ್ಟಮೊದಲು ಮಾಡಬೇಕಾದ ಕೆಲಸ ಬಣ್ಣದ ಬದಲಾವಣೆಯಲ್ಲ, ಸಾಲಿನ ತೆರಪನ್ನು ಹಿಗ್ಗಿಸುವುದು.

ಈ ಗಡಿಸೀಮೆಯಲ್ಲಿ ಕನ್ನಡದೊಡನೆ ಮರಾಠಿ ಮತ್ತು ಉರ್ದು ಭಾಷೆಗಳೂ ಬಳಕೆಯಲ್ಲಿರುವುದರಿಂದ ತೊಡಕು ಇನ್ನೂ ಸ್ವಾರಸ್ಯಕರವಾಗುತ್ತದೆ. ಅಂದಕ್ಕೆಂದು ಅಕ್ಷರಗಳ ನಡುವೆ ಅಂತರ ಬಿಡುವ ಇಂಗ್ಲಿಷ್ ಪದ್ಧತಿಯನ್ನು ಮರಾಠಿಗೆ ಅನ್ವಯಿಸಿದರೆ ದೇವನಾಗರಿಯ ಶಿರೋರೇಖೆಯೇ ತುಂಡಾಗುತ್ತದೆ. ಉರ್ದು ಬಲದಿಂದ ಎಡಕ್ಕೆ ನಡೆಯುವ ಬರಹ. ಅದಕ್ಕಾಗಿ ಪತ್ರಿಕೆ ತೆರೆಯುವ ಬದಿಯನ್ನೇ ತಿರುಗಿಸಬೇಕು. ಚೌಕಟ್ಟಿನ ಪ್ರಮಾಣ ಅದೇ, ದಿಕ್ಕು ಮಾತ್ರ ಬೇರೆ.

ಅಕ್ಷರವಿನ್ಯಾಸ ಬದಲಿಸುವಾಗಲೂ ಎಚ್ಚರ ಬೇಕು. ನುಡಿಯಂಥ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಬರಹಕ್ಕೆ ನೇರವಾಗಿ ಯೂನಿಕೋಡ್ ಫಾಂಟು ತೊಡಿಸಿದರೆ, ಒಳಗಿನ ಸಂಕೇತಗಳು ಬೇರೆಯಾದುದರಿಂದ ಕನ್ನಡ ಮಾಯವಾಗಿ ಅರ್ಥವಿಲ್ಲದ ಚಿಹ್ನೆಗಳು ಉಳಿಯುತ್ತವೆ. ಮೊದಲು ಬರಹವನ್ನು ಪರಿವರ್ತಿಸಿಕೊಂಡು ಆಮೇಲೆ ಹೊಸ ರೂಪ ಕೊಡುವುದು ಕ್ಷೇಮ.

ಜಲಸಂಗ್ವಿಯ ಬರಹಗಾತಿ

ಒದಗಿದ ಮಾದರಿಯನ್ನು ತನ್ನದಾಗಿಸಿಕೊಳ್ಳುವ ಈ ವಿದ್ಯೆ ಕಂಪ್ಯೂಟರಿನೊಡನೆ ಹುಟ್ಟಿದುದೆಂದು ತಿಳಿಯುವವರು ಹುಮನಾಬಾದ್ ತಾಲ್ಲೂಕಿನಲ್ಲಿಯೇ ಇರುವ ಜಲಸಂಗ್ವಿಗೆ ಒಮ್ಮೆ ಹೋಗಿಬರಬೇಕು. ಅಲ್ಲಿಯ ಶಿವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಹೊರಗೋಡೆಯ ಮೇಲೆ ಶಿಲಾಬಾಲಿಕೆಯರ ಒಂದು ಸಮೂಹವೇ ನಿಂತಿದೆ. ಅವರಲ್ಲಿ ಒಬ್ಬಳು ಲೇಖನಿ ಹಿಡಿದು ಶಾಸನ ಬರೆಯುತ್ತಿದ್ದಾಳೆ. ಆಕೆ ಬರೆದಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿ, ಸಂಸ್ಕೃತದಲ್ಲಿ.

ಆ ಶಿಲ್ಪಿ ಬರಿಗೈಯಿಂದ ಆರಂಭಿಸಿದವನಲ್ಲ. ಗರ್ಭಗೃಹ, ಸುಕನಾಸಿ, ನವರಂಗಗಳ ವಿನ್ಯಾಸ ಅವನಿಗೆ ಹಿಂದಿನವರಿಂದ ಬಂದ ಸಿದ್ಧ ನಕ್ಷೆ. ಅಧಿಷ್ಠಾನದಿಂದ ಸ್ತೂಪಿಯವರೆಗಿನ ಅಂಗಗಳ ಕ್ರಮವನ್ನು ಶಾಸ್ತ್ರ ಗೊತ್ತುಮಾಡಿತ್ತು. ಮೂರ್ತಿಯ ಮುಖದ ಉದ್ದವನ್ನೇ ಅಳತೆಗೋಲಾಗಿ ಹಿಡಿದು ಮೈಯ ಪ್ರಮಾಣವನ್ನು ನಿರ್ಣಯಿಸುವ ತಾಲಮಾನವೂ ಗುರುಮುಖದಿಂದ ಬಂದದ್ದೇ. ಗೋಡೆಯಲ್ಲಿ ಸುಂದರಿಯೊಬ್ಬಳು ನಿಲ್ಲಬೇಕೆಂಬುದು ಕೂಡ ಹಳೆಯ ಸಂಪ್ರದಾಯ. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಕಾಲಿನ ಮುಳ್ಳು ತೆಗೆಯುವವಳು ಇವರೆಲ್ಲ ನಮ್ಮ ದೇವಾಲಯಗಳಲ್ಲಿ ಮತ್ತೆ ಮತ್ತೆ ಕಾಣಸಿಗುವವರು. ಈ ಸಾಲಿನಲ್ಲಿ ಒಬ್ಬಳ ಕೈಗೆ ಲೇಖನಿಯನ್ನು ಕೊಟ್ಟದ್ದರಿಂದ ಜಲಸಂಗ್ವಿಯ ಹೆಸರು ಉಳಿಯಿತು. ಮೈಯ ಬಾಗು ಅದೇ, ಆಭರಣ ಅದೇ. ಕೈಯ ಕೆಲಸ ಮಾತ್ರ ಬೇರೆಯಾಗಿದೆ.

ಮಾದರಿ ಅಲ್ಲಿಗೇ ನಿಲ್ಲಲಿಲ್ಲ. ಚಾಲುಕ್ಯರ ಸಾಮಂತರಾಗಿದ್ದ ಹೊಯ್ಸಳರು 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನಿಲ್ಲಿಸಿದಾಗ ಮದನಿಕೆಯರು ಗೋಡೆಯನ್ನು ಬಿಟ್ಟು ಮೇಲೇರಿದರು; ಕಂಬಕ್ಕೂ ಸೂರಿನ ಚಾಚಿಗೂ ನಡುವೆ ಓರೆಯಾಗಿ ನಿಂತರು. ಅಲ್ಲಿ ತಮ್ಮ ಹೆಸರು ಕೊರೆದ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದಾರೆ. ಬಳ್ಳಿಗಾವೆ ಚಾಲುಕ್ಯರ ನಾಡಿನ ಪ್ರಸಿದ್ಧ ಕೇಂದ್ರ. ಕೈಗಳು ಪಳಗಿದ್ದು ಒಂದು ರಾಜ್ಯದಲ್ಲಿ, ಹೆಸರಾದದ್ದು ಮತ್ತೊಂದು ರಾಜ್ಯದಲ್ಲಿ. ಮುಂದೆ ತೆಲುಗು ನಾಡಿನಲ್ಲಿ, ಹಿಂದೊಮ್ಮೆ ಚಾಲುಕ್ಯರ ಸಾಮಂತರೇ ಆಗಿದ್ದ ಕಾಕತೀಯರ ಕಾಲದ ರಾಮಪ್ಪ ಗುಡಿಯಲ್ಲಿ, 1213ರ ಸುಮಾರಿಗೆ ಇಂಥ ಸುಂದರಿಯರು ಇನ್ನೂ ನೀಳವಾದ ಮೈತಾಳಿ ನಿಂತರು. ಯಾರೂ ಇದನ್ನು ನಕಲೆಂದು ಹಳಿಯಲಿಲ್ಲ.

ಚೌಕಟ್ಟಿನೊಳಗೆ ಹೆಸರು

ಜಲಸಂಗ್ವಿಯಿಂದ ಬಸವಕಲ್ಯಾಣಕ್ಕೆ ಬಂದವರಿಗೆ ಇದೇ ವಿವೇಕ ಮಾತಿನ ರೂಪದಲ್ಲಿ ಕಾಣುತ್ತದೆ. 12ನೆಯ ಶತಮಾನದ ವಚನಕಾರರೆಲ್ಲರಿಗೂ ರಚನೆಯ ಚೌಕಟ್ಟು ಹೆಚ್ಚುಕಡಿಮೆ ಒಂದೇ. ವಚನದ ಕೊನೆಗೆ ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿನದು ಗುಹೇಶ್ವರ. ಅಂಕಿತವೆಂದರೆ ಇಷ್ಟದೈವದ ಹೆಸರೆಂಬುದು ವಾಡಿಕೆ. ಅಂಬಿಗರ ಚೌಡಯ್ಯನಾದರೋ ಆ ಸ್ಥಳದಲ್ಲಿ ತನ್ನ ಕಸುಬನ್ನೂ ತನ್ನ ಹೆಸರನ್ನೂ ಇರಿಸಿದನು. ಅಂಕಿತದ ಸ್ಥಾನವನ್ನು ಅವನು ಕದಲಿಸಲಿಲ್ಲ, ವಚನವೂ ಕೆಡಲಿಲ್ಲ. ದೋಣಿ ನಡೆಸುವವನ ಹೆಸರು ಮಾತ್ರ ಸಾಹಿತ್ಯದಲ್ಲಿ ಚಿರಸ್ಥಾಯಿಯಾಯಿತು.

ಒಂದು ‘ಮೊದಲಾದ’ದ ಬಲ

ಇದಕ್ಕಿಂತ ದೊಡ್ಡ ಉದಾಹರಣೆ ಕಲ್ಯಾಣದಲ್ಲಿ ಅದಕ್ಕೂ ಮುನ್ನ ನಡೆದುಹೋಗಿತ್ತು. ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಹೊಸ ಧರ್ಮಶಾಸ್ತ್ರವಲ್ಲ. ಬಹು ಹಿಂದಿನ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಬಂಗಾಳ ಮುಂತಾದ ಕೆಲವು ಕಡೆಗಳನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯ ವಿಚಾರವನ್ನು ಶತಮಾನಗಳವರೆಗೆ ನಿರ್ಣಯಿಸಿದ್ದು ಈ ವ್ಯಾಖ್ಯಾನವೇ.

ಹೆಣ್ಣಿನ ಸ್ವಂತ ಆಸ್ತಿ, ಅಂದರೆ ಸ್ತ್ರೀಧನ, ಯಾವುದೆಂದು ಸ್ಮೃತಿಯಲ್ಲಿ ಒಂದು ಪಟ್ಟಿಯಿದೆ. ತಂದೆ, ತಾಯಿ, ಪತಿ, ಸೋದರರು ಕೊಟ್ಟದ್ದು, ವಿವಾಹಾಗ್ನಿಯ ಸನ್ನಿಧಿಯಲ್ಲಿ ಬಂದದ್ದು ಹೀಗೆ ಸಾಗಿ ಆ ಪಟ್ಟಿ ‘ಆದ್ಯ’, ಎಂದರೆ ‘ಮೊದಲಾದುದು’ ಎಂಬ ಮಾತನ್ನು ಒಳಗೊಳ್ಳುತ್ತದೆ. ಓದುವವರು ಲಕ್ಷ್ಯವಿಡದೆ ದಾಟಿಹೋಗುವ ಪದವದು. ವಿಜ್ಞಾನೇಶ್ವರನು ಅಲ್ಲಿಯೇ ನಿಂತನು. ಉತ್ತರಾಧಿಕಾರದಿಂದ ಬಂದದ್ದು, ಕ್ರಯಕ್ಕೆ ಕೊಂಡದ್ದು, ಪಾಲಿನಲ್ಲಿ ದೊರೆತದ್ದು ಕೂಡ ಆ ‘ಮೊದಲಾದ’ದೊಳಗೆ ಸೇರಿ ಸ್ತ್ರೀಧನವೇ ಆಗುತ್ತವೆಂದು ಅರ್ಥ ಹೇಳಿದನು. ಶ್ಲೋಕದ ಒಂದಕ್ಷರವೂ ಕದಲಲಿಲ್ಲ. ಹೆಣ್ಣಿಗೆ ಮಾತ್ರ ಸ್ಥಳ ದೊರೆಯಿತು.

ಬ್ರಿಟಿಷರ ಕಾಲದಲ್ಲಿ ಪ್ರಿವಿ ಕೌನ್ಸಿಲ್ ಈ ವಿಶಾಲವಾದ ಅರ್ಥವನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಸ್ತ್ರೀಯರು ಹೊಂದಿರುವ ಆಸ್ತಿಗೆ ಅವರೇ ಪೂರ್ಣ ಒಡತಿಯರೆಂದು ಸಾರಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರಬೇಕಾಯಿತು.

ಅದೇ ಮಿತಾಕ್ಷರದ ಮತ್ತೊಂದು ನಿಯಮವೆಂದರೆ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಕೇರಳವು 1975ರ ಕಾಯಿದೆಯಿಂದ ಅವಿಭಕ್ತ ಕುಟುಂಬದ ಆ ವ್ಯವಸ್ಥೆಯನ್ನೇ ಕೆಳಗಿಳಿಸಿತು. ಕರ್ನಾಟಕ ಹಿಡಿದದ್ದು ತಿದ್ದುವ ದಾರಿ. ಹುಟ್ಟಿನಿಂದ ಹಕ್ಕು ಎಂಬ ತೊಲೆಯನ್ನು ಉಳಿಸಿಕೊಂಡು, ಅದಾಗಲೇ ಮದುವೆಯಾಗಿದ್ದವರನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳನ್ನು ಅದರೊಳಕ್ಕೆ 1994ರಲ್ಲಿ ಸೇರಿಸಲಾಯಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಜೀವಂತವಾಗಿರಬೇಕೆಂಬ ನಿರ್ಬಂಧವಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ‘ಮಗ’ ಎಂದಿದ್ದ ಸ್ಥಳಕ್ಕೆ ‘ಮಗಳು’ ಎಂಬ ಮಾತೂ ಬಂದು ಸೇರಿದೆ, ಕಟ್ಟಡ ಕುಸಿದಿಲ್ಲ.

ಮರಳಿ ಅಂಗಡಿಗೆ

ಮುದ್ರಣದ ಅಂಗಡಿಯಲ್ಲಿ ಕುಳಿತ ಹುಡುಗಿಗೆ ಇಷ್ಟೆಲ್ಲ ಇತಿಹಾಸ ತಿಳಿದಿರಬೇಕಾಗಿಲ್ಲ. ಕೆಲಸದ ಕ್ರಮ ತಿಳಿದಿದ್ದರೆ ಸಾಕು. ಮಾದರಿ ಆರಿಸುವ ಮೊದಲು ಪತ್ರಿಕೆಯಲ್ಲಿ ಬರಲೇಬೇಕಾದ ಮಾತನ್ನು ಒಂದು ಕಾಗದದ ಮೇಲೆ ಪೂರ್ಣವಾಗಿ ಬರೆದುಕೊಂಡು ಹೋಗಬೇಕು. ಆ ಮಾತಿಗೆ ಮಾದರಿ ಬಗ್ಗಬೇಕೇ ಹೊರತು ಮಾದರಿಗೆ ಮಾತು ಬಗ್ಗಬಾರದು. ಎಡೆ ಸಾಲದಿದ್ದರೆ ಅಕ್ಷರವನ್ನು ಹಿಸುಕುವುದಕ್ಕಿಂತ ಅಲಂಕಾರವನ್ನು ತೆಗೆಯುವುದು ಮೇಲು. ಅಕ್ಷರದ ವಿನ್ಯಾಸಗಳು ಎರಡಕ್ಕಿಂತ ಹೆಚ್ಚು ಬೇಡ. ಮೊದಲು ಒಂದು ಕರಡು ಪ್ರತಿಯನ್ನು ಕಪ್ಪು ಮಸಿಯಲ್ಲಿ ತೆಗೆಸಿ, ಅದನ್ನು ಬರೆಯದಿದ್ದ ಒಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ಬರೆದವರ ಕಣ್ಣು ತಪ್ಪನ್ನು ಕಾಣುವುದಿಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಪರದೆಯತ್ತ ಬೆರಳು ತೋರಿಸುತ್ತಾನೆ. “ಆ ಎರಡೂ ನವಿಲು ತೆಗೀರಿ. ಮ್ಯಾಲ ಅತ್ತಿಗಿ ಹೆಸರು ಬರಲಿ, ಕೆಳಗ ನಂದು.”

ಅಂಗಡಿಯವನು ಎರಡು ಕೀಲಿಗಳನ್ನು ಒತ್ತುತ್ತಾನೆ. ನವಿಲುಗಳು ಹೋಗುತ್ತವೆ. ಸಾಲುಗಳು ತುಸು ಕೆಳಗಿಳಿದು, ತಾಯಿಯ ಹೆಸರು ಚೌಕಟ್ಟಿನ ನಟ್ಟನಡುವೆ ಬಂದು ನಿಲ್ಲುತ್ತದೆ. ಅಂಚು, ನಡುರೇಖೆ, ಗಣಪತಿ ಎಲ್ಲವೂ ಇದ್ದಲ್ಲಿಯೇ ಇವೆ.